ಬಾಲ್ಯದಲ್ಲಿ ಉಬ್ಬಸವಿದ್ದ ಮಗಳು ಎನ್‌ಡಿಎ ವೈದ್ಯಕೀಯ ಪರೀಕ್ಷೆಯನ್ನು ದಾಟಬಹುದೇ?

ಪ್ರಶ್ನೆ: ವಾರ್ಜೆಯ ತಾಯಿ, ಪುಣೆ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಧಾರವಾಡದವರು. ಹದಿನೆಂಟು ವರ್ಷಗಳಿಂದ ಪುಣೆಯ ವಾರ್ಜೆಯಲ್ಲಿ ನೆಲೆಸಿದ್ದೇವೆ. ನಮ್ಮ ಮಗಳು ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) 2025ರ ಮೇ 30ರಂದು ಮೊದಲ ಬಾರಿಗೆ 17 ಯುವತಿಯರು ತರಬೇತಿ ಮುಗಿಸಿ ಹೊರಬಂದ ಪಥಸಂಚಲನವನ್ನು ದೂರದರ್ಶನದಲ್ಲಿ ನೋಡಿದ ದಿನದಿಂದ ಅವಳಿಗೆ ಬೇರೆ ಯೋಚನೆಯೇ ಇಲ್ಲ. ಪ್ರತಿ ಭಾನುವಾರ ಬೆಳಗಿನ ಜಾವ ಸಿಂಹಗಡ ಹತ್ತುತ್ತಾಳೆ, 2.4 ಕಿಲೋಮೀಟರನ್ನು 13 ನಿಮಿಷದಲ್ಲಿ ಓಡುತ್ತಾಳೆ, ಗಣಿತದಲ್ಲಿ ಮುಂದಿದ್ದಾಳೆ.

ನನ್ನ ಚಿಂತೆ ಅವಳ ಬಾಲ್ಯದ ಕಾಯಿಲೆಯದು. ಒಂದೂವರೆ ವರ್ಷದವಳಿದ್ದಾಗಿನಿಂದ ಸುಮಾರು ಐದು ತುಂಬುವವರೆಗೆ, ನೆಗಡಿ ಬಂದಾಗಲೆಲ್ಲ ಮೂರನೆಯ ದಿನಕ್ಕೆ ಎದೆಯಲ್ಲಿ ಶಿಳ್ಳೆ ಹಾಕಿದಂಥ ಸದ್ದು ಶುರುವಾಗುತ್ತಿತ್ತು, ಪಕ್ಕೆಗಳು ಒಳಗೆ ಎಳೆದುಕೊಳ್ಳುತ್ತಿದ್ದವು. ನಮ್ಮ ಅತ್ತೆಯವರು ಇದನ್ನು ದಮ್ಮು ಎಂದೇ ಕರೆಯುತ್ತಿದ್ದರು. ಎರಡು ಬಾರಿ ಆಸ್ಪತ್ರೆಗೆ ಸೇರಿಸಿ ನೆಬ್ಯುಲೈಜರ್ ಕೊಡಿಸಬೇಕಾಯಿತು. ನಾಲ್ಕನೆಯ ವಯಸ್ಸಿನ ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಬ್ರಾಂಕಿಯಲ್ ಅಸ್ತಮಾ’ ಎಂದು ಬರೆದಿದ್ದಾರೆ. ಎರಡು ವರ್ಷ ಸ್ಪೇಸರ್ ಹಚ್ಚಿ ಪಂಪ್ (ಇನ್‌ಹೇಲರ್) ಕೊಟ್ಟೆವು. ಆರು ತುಂಬಿದ ಮೇಲೆ ವೈದ್ಯರೇ ನಿಲ್ಲಿಸಿದರು. ಆಮೇಲೆ ಒಂಬತ್ತನೆಯ ವಯಸ್ಸಿನಲ್ಲಿ ಒಂದು ಮಳೆಗಾಲ ಕೆಮ್ಮು ಬಿಡದೆ ಹತ್ತು ದಿನ ಮತ್ತೆ ಪಂಪ್ ಬಳಸಿದ್ದುಂಟು. ಇದರ ನಡುವೆ, ಮೂರು ವರ್ಷದವಳಿದ್ದಾಗ ಎಕ್ಸ್‌ರೇ ನೋಡಿ ‘ಪ್ರೈಮರಿ ಕಾಂಪ್ಲೆಕ್ಸ್’ (ಮಕ್ಕಳಲ್ಲಿ ಕಾಣುವ ಮೊದಲ ಹಂತದ ಕ್ಷಯ) ಎಂದು ಆರು ತಿಂಗಳು ಕ್ಷಯದ ಔಷಧಿಯನ್ನೂ ಕೊಟ್ಟಿದ್ದರು. ಈಗ ಉಬ್ಬಸವಿಲ್ಲ. ಆದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೆಳಗ್ಗೆ ಎದ್ದೊಡನೆ ಸಾಲುಸಾಲಾಗಿ ಸೀನುತ್ತಾಳೆ.

ಅವಳು ಹೋಗುತ್ತಿರುವ ತರಬೇತಿ ತರಗತಿಯವರು, ಹಳೆಯ ಕಾಗದಗಳನ್ನೆಲ್ಲ ನಾಶಮಾಡಿ, ಕೇಳಿದರೆ ಏನೂ ಇರಲಿಲ್ಲ ಎಂದುಬಿಡಿ ಎಂದು ಸಲಹೆ ಕೊಟ್ಟಿದ್ದಾರೆ. ನಮ್ಮ ಯಜಮಾನರಿಗೂ ಅದೇ ಸರಿಯೆನಿಸಿದೆ. ಇನ್ನೊಂದೆಡೆ, ಹದಿಮೂರು ವರ್ಷಕ್ಕಿಂತ ಮೊದಲಿನ ಅಸ್ತಮಾವನ್ನು ಸೇನೆಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅಂತರ್ಜಾಲದಲ್ಲಿ ಓದಿದೆ. ಯಾವುದನ್ನು ನಂಬುವುದು? ಎರಡು ವರ್ಷ ಹಗಲಿರುಳು ಓದಿ, ಎಸ್‌ಎಸ್‌ಬಿ ಎಂಬ ಸೇನಾ ಆಯ್ಕೆ ಮಂಡಳಿಯ ಸಂದರ್ಶನದಲ್ಲೂ ಆಯ್ಕೆಯಾಗಿ, ಕೊನೆಯಲ್ಲಿ ನಾಲ್ಕನೆಯ ವಯಸ್ಸಿನ ಕಾಗದವೊಂದರಿಂದ ಮಗು ಹಿಂದಿರುಗುವಂತಾದರೆ ಅದನ್ನು ಅವಳಿಗೆ ಹೇಗೆ ಹೇಳಲಿ ಎಂಬುದೇ ನನಗೆ ತೋಚುತ್ತಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ: ಖಡಕಿಯ ನಿವೃತ್ತ ಸೈನಿಕ

ತಾಯಿ, ನಾನು ಬೆಳಗಾವಿ ಜಿಲ್ಲೆಯವನು. ಸೇನೆಯ ವೈದ್ಯಕೀಯ ದಳದಲ್ಲಿ ಇಪ್ಪತ್ತನಾಲ್ಕು ವರ್ಷ ನರ್ಸಿಂಗ್ ಸಹಾಯಕನಾಗಿ ದುಡಿದು ಈಗ ಖಡಕಿಯಲ್ಲಿದ್ದೇನೆ. ವೈದ್ಯಕೀಯ ಮಂಡಳಿಯ ವೈದ್ಯರ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ, ಆದರೆ ಅಭ್ಯರ್ಥಿಗಳ ಕಾಗದಪತ್ರಗಳನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದವನು.

ಮೊದಲು ಹದಿಮೂರು ವರ್ಷದ ಮಾತನ್ನು ಬಗೆಹರಿಸೋಣ. ಅದು ಅಮೆರಿಕದ ನಿಯಮ. ಅಲ್ಲಿನ ರಕ್ಷಣಾ ಇಲಾಖೆಯ ವೈದ್ಯಕೀಯ ಮಾನದಂಡದಲ್ಲಿ 13ನೆಯ ಹುಟ್ಟುಹಬ್ಬದ ನಂತರದ ಅಸ್ತಮಾ ಮಾತ್ರ ಅನರ್ಹತೆಗೆ ಕಾರಣವಾಗುತ್ತದೆ, ಅದಕ್ಕೂ ವಿನಾಯಿತಿ ಕೋರಲು ಅವಕಾಶವಿದೆ. ನಮ್ಮ ಹುಡುಗರು ಇಂಗ್ಲಿಷಿನಲ್ಲಿ ಹುಡುಕಿದಾಗ ಅದೇ ಮೊದಲು ಸಿಗುವುದರಿಂದ ನಮ್ಮ ದೇಶದ ನಿಯಮವೆಂದೇ ನಂಬಿಬಿಡುತ್ತಾರೆ. ಯುಪಿಎಸ್‌ಸಿ ಹೊರಡಿಸುವ ಎನ್‌ಡಿಎ ಪ್ರಕಟಣೆಯ ಅನುಬಂಧದಲ್ಲಿ ಶ್ವಾಸಾಂಗದ ಬಗ್ಗೆ ಬೇರೆಯದೇ ಭಾಗವಿದೆ. ಅದನ್ನು ನೀವೂ ಮಗಳೂ ಒಟ್ಟಿಗೆ ಕುಳಿತು ಓದಬೇಕು. ಅಸ್ತಮಾ, ಉಬ್ಬಸ ಅಥವಾ ಅಲರ್ಜಿಯ ನೆಗಡಿ ಪದೇ ಪದೇ ಬಂದ ಇತಿಹಾಸವಿದ್ದರೆ ತಿರಸ್ಕರಿಸಲಾಗುವುದು ಎಂದು ಅಲ್ಲಿದೆ. ಪದೇ ಪದೇ ಕೆಮ್ಮು, ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಬಂದವರನ್ನೂ ಅನರ್ಹರೆಂದು ಪರಿಗಣಿಸುತ್ತಾರೆ. ಇಂತಿಷ್ಟು ವಯಸ್ಸಿಗಿಂತ ಹಿಂದಿನದು ಲೆಕ್ಕಕ್ಕಿಲ್ಲ ಎಂಬ ಗೆರೆಯನ್ನು ಅಲ್ಲಿ ಎಳೆದಿಲ್ಲ. ಆದ್ದರಿಂದ ‘ಪದೇ ಪದೇ’ ಎಂಬ ಮಾತಿನ ಮೇಲೆ ಎಲ್ಲವೂ ನಿಂತಿದೆ: ಎಷ್ಟು ಬಾರಿ ಬಂತು, ಯಾವ ವಯಸ್ಸಿನವರೆಗೆ ಬಂತು, ಈಗ ಎದೆಯ ಪರೀಕ್ಷೆ ಏನು ಹೇಳುತ್ತದೆ ಎಂಬುದನ್ನು ತೂಗಿ ನೋಡುವುದು ಮಂಡಳಿಗೆ ಬಿಟ್ಟದ್ದು. ನಿಮ್ಮ ಮಗಳಿಗೆ ದಾರಿ ಮುಚ್ಚಿದೆ ಎಂದು ನಾನು ಹೇಳಲಾರೆ, ನಿಶ್ಚಿಂತೆಯಿಂದಿರಿ ಎಂದೂ ಹೇಳಲಾರೆ.

ಪ್ರೈಮರಿ ಕಾಂಪ್ಲೆಕ್ಸ್ ವಿಷಯದಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಕ್ಷಯವೆಂದರೆ ಎಲ್ಲರೂ ಹೆದರುತ್ತಾರೆ, ಆದರೆ ಚಿಕಿತ್ಸೆ ಮುಗಿದು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕಳೆದಿದ್ದು, ಎದೆಯಲ್ಲಿ ಗಣನೀಯ ಗುರುತು ಉಳಿಯದಿದ್ದರೆ ಅಂಥವರನ್ನು ಸ್ವೀಕರಿಸಲು ನಿಯಮದಲ್ಲೇ ಅವಕಾಶವಿದೆ. ಅದಕ್ಕೆ ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ (ಕೊಳವೆ ಹಾಕಿ ಶ್ವಾಸನಾಳದ ಒಳಗೆ ನೋಡುವುದು) ಮುಂತಾದ ಪರೀಕ್ಷೆಗಳನ್ನು ಮಾಡಿಸಬಹುದು. ಅಂಥ ಪ್ರಕರಣದಲ್ಲಿ ಅರ್ಹತೆಯ ನಿರ್ಧಾರ ಆಗುವುದು ಮೇಲ್ಮನವಿ ಮಂಡಳಿ ಅಥವಾ ಪುನರ್ಪರಿಶೀಲನಾ ಮಂಡಳಿಯಲ್ಲಿ ಮಾತ್ರ. ಹಾಗಾಗಿ ಮೊದಲ ಮಂಡಳಿಯಲ್ಲಿ ‘ಅನ್‌ಫಿಟ್’ ಎಂದು ಬರೆದೊಡನೆ ಮಗಳು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದು ಕೂರಬಾರದು. ಎಸ್‌ಎಸ್‌ಬಿಯಲ್ಲಿ ಶಿಫಾರಸಾದವರಿಗೆ ನಡೆಯುವುದು ವಿಶೇಷ ವೈದ್ಯಕೀಯ ಮಂಡಳಿ. ಅಲ್ಲಿ ಅನರ್ಹ ಎಂದರೆ 42 ದಿನಗಳೊಳಗೆ ಮೇಲ್ಮನವಿ ಮಂಡಳಿಯ ಮುಂದೆ ಹಾಜರಾಗಬಹುದು. ಅದರ ಮೇಲಿನ ಪುನರ್ಪರಿಶೀಲನೆ ಅಭ್ಯರ್ಥಿಯ ಹಕ್ಕಲ್ಲ, ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕರ ವಿವೇಚನೆಗೆ ಬಿಟ್ಟದ್ದು. ಸಿಕ್ಕರೆ ದೆಹಲಿಯಲ್ಲೋ ನಮ್ಮ ಪುಣೆಯಲ್ಲೋ ನಡೆಯುತ್ತದೆ.

ಇನ್ನು ಕಾಗದ ನಾಶಮಾಡುವ ಸಲಹೆ. ಇದನ್ನು ಓದಿ ನನಗೆ ಬಹಳ ನೋವಾಯಿತು. ಪರೀಕ್ಷೆಗೆ ಮುನ್ನ ಅಭ್ಯರ್ಥಿಯೇ ತುಂಬಿ ಸಹಿ ಹಾಕುವ ಹೇಳಿಕೆಯೊಂದಿದೆ. ಅದರಲ್ಲಿ ಅಸ್ತಮಾ, ಪ್ಲೂರಸಿ (ಶ್ವಾಸಕೋಶದ ಹೊರಪೊರೆಯ ಉರಿಯೂತ), ಕ್ಷಯ ಎಂದಾದರೂ ಇತ್ತೇ ಎಂದು ಹೆಸರು ಹಿಡಿದೇ ಕೇಳುತ್ತಾರೆ. ಅಧಿಕಾರಿಯಾಗಲು ಹೊರಟ ಹುಡುಗಿ ತನ್ನ ಸೇವೆಯ ಮೊದಲ ಕಾಗದದಲ್ಲೇ ಸುಳ್ಳು ಬರೆಯಬೇಕೆ? ಸುಳ್ಳೆಂದು ತಿಳಿದರೆ ತರಬೇತಿಯ ನಡುವೆಯೂ ಹೊರಗೆ ಕಳಿಸಬಹುದು. ಮಂಡಳಿಯವರು ಏಕೆ ಇಷ್ಟು ಕೆದಕುತ್ತಾರೆ ಎಂಬುದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದೆ, ಮುಂದೆ ಅದೇ ಕಾಯಿಲೆಯಿಂದ ಸೇವೆ ಬಿಡಬೇಕಾಗಿ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು ಎಂಬ ತತ್ತ್ವವನ್ನು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆ ಹೊಣೆ ಹೊರುವವರು ಮೊದಲೇ ಚೆನ್ನಾಗಿ ನೋಡಿಕೊಳ್ಳುವುದು ಸಹಜ.

ಕಾನೂನಿಗಿಂತ ದೊಡ್ಡದು ಪ್ರಾಣದ ಪ್ರಶ್ನೆ. ನಾನು ಎರಡು ವರ್ಷ ಲಡಾಖಿನಲ್ಲಿದ್ದೆ. ಲೇಹ್ ನಗರವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಚೌಕಿಗಳು ಅದಕ್ಕಿಂತ ಎಷ್ಟೋ ಮೇಲೆ. ತಣ್ಣನೆಯ ಒಣಗಾಳಿಯಲ್ಲಿ ಭಾರ ಹೊತ್ತು ಏರುವಾಗ ಶ್ವಾಸನಾಳ ಬಿಗಿದುಕೊಂಡರೆ, ಹಿಮ ಬಿದ್ದು ಹೆಲಿಕಾಪ್ಟರ್ ಬಾರದ ದಿನ ಆ ಸೈನಿಕನನ್ನು ಕೆಳಗಿಳಿಸಲು ನಾಲ್ಕು ಜನ ತಮ್ಮ ಪ್ರಾಣವನ್ನು ಒತ್ತೆಯಿಡಬೇಕಾಗುತ್ತದೆ. ಆ ನಾಲ್ವರಲ್ಲಿ ಒಬ್ಬನಾಗಿ ಸ್ಟ್ರೆಚರ್ ಹೊತ್ತವನಾದ್ದರಿಂದ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಉತ್ತರ: ಚಿಂಚವಡದ ಮಕ್ಕಳ ವೈದ್ಯೆ

ಖಡಕಿಯ ಹಿರಿಯರು ನಿಯಮವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಕಾಯಿಲೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಮಗಳನ್ನು ಪರೀಕ್ಷಿಸದೆ ಬರೆಯುತ್ತಿರುವುದರಿಂದ ಇದನ್ನು ಚಿಕಿತ್ಸೆಯೆಂದು ತೆಗೆದುಕೊಳ್ಳಬಾರದು.

ಸಣ್ಣ ಮಕ್ಕಳ ಎದೆಯಲ್ಲಿ ಕೇಳಿಸುವ ಶಿಳ್ಳೆಯೆಲ್ಲ ಅಸ್ತಮಾ ಅಲ್ಲ. ಎರಡು ವರ್ಷದೊಳಗಿನ ಮಗುವಿನ ಶ್ವಾಸನಾಳಗಳು ಎಷ್ಟು ಕಿರಿದಾಗಿರುತ್ತವೆಂದರೆ, ವೈರಸ್ ಸೋಂಕಿನಿಂದ ಒಳಪೊರೆ ಸ್ವಲ್ಪ ಊದಿ ಒಂದಿಷ್ಟು ಕಫ ಕೂಡಿದರೂ ಗಾಳಿ ಹೊರಹೋಗುವಾಗ ಸದ್ದಾಗುತ್ತದೆ. ನಾಳದ ಅಡ್ಡಳತೆ ಅರ್ಧಕ್ಕಿಳಿದರೆ ಗಾಳಿಯ ಹರಿವಿಗೆ ಎದುರಾಗುವ ಅಡ್ಡಿ ಹದಿನಾರು ಪಟ್ಟು ಏರುತ್ತದೆ ಎಂಬುದು ಭೌತವಿಜ್ಞಾನದ ಲೆಕ್ಕ. ದೊಡ್ಡವರಿಗೆ ಬರಿಯ ನೆಗಡಿಯಾಗಿ ಮುಗಿಯುವ ಸೋಂಕು ಕೂಸಿಗೆ ಪಕ್ಕೆ ಎಳೆಯುವಷ್ಟು ಆಗುವುದಕ್ಕೆ ಇದು ಮುಖ್ಯ ಕಾರಣ. ಅಮೆರಿಕದ ಟೂಸಾನ್ ನಗರದಲ್ಲಿ ಎಂಟುನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ವರ್ಷದೊಳಗೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಒಮ್ಮೆಯಾದರೂ ಉಬ್ಬಸ ಬಂದಿತ್ತು. ಒಟ್ಟು ಮಕ್ಕಳಲ್ಲಿ ಐದರಲ್ಲೊಂದು ಭಾಗಕ್ಕೆ ಮೂರು ವರ್ಷದೊಳಗೆ ಬಂದು, ಆರರ ಹೊತ್ತಿಗೆ ಪೂರ್ತಿ ನಿಂತಿತ್ತು. ಸುಮಾರು ಏಳರಲ್ಲೊಂದು ಭಾಗಕ್ಕೆ ಮಾತ್ರ ಮೊದಲಿನಿಂದ ಬಂದದ್ದು ಆರರಲ್ಲೂ ಮುಂದುವರಿದಿತ್ತು. ಶ್ವಾಸದ ಹರಿವನ್ನು ಅಳೆಯುವ ಸ್ಪೈರೋಮೆಟ್ರಿಯನ್ನು ಐದಾರು ವರ್ಷದ ಕೆಳಗಿನ ಮಕ್ಕಳಿಂದ ಮಾಡಿಸುವುದು ಕಷ್ಟವಾದ್ದರಿಂದ, ನಾಲ್ಕನೆಯ ವಯಸ್ಸಿನ ಕಾರ್ಡಿನಲ್ಲಿರುವ ‘ಅಸ್ತಮಾ’ ಎಂಬ ಪದ ಬಹುಮಟ್ಟಿಗೆ ಲಕ್ಷಣ ನೋಡಿ ಬರೆದದ್ದೇ ಆಗಿರುತ್ತದೆ.

ಹಾಗೆಂದು ಆ ಪದವನ್ನು ಸುಮ್ಮನೆ ತಳ್ಳಿಹಾಕಲೂ ನಾನು ಸಿದ್ಧಳಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಮತ್ತೆ ಪಂಪ್ ಬೇಕಾಗಿತ್ತು, ಈಗಲೂ ಋತುವಿಗೆ ತಕ್ಕಂತೆ ಸೀನು ಬರುತ್ತಿದೆ ಎಂಬ ಎರಡು ಸಂಗತಿಗಳು ಅಲರ್ಜಿಯ ಪ್ರಕೃತಿಯತ್ತ ಬೆರಳು ತೋರಿಸುತ್ತವೆ. ಬಾಲ್ಯದ ಅಸ್ತಮಾ ಹದಿಹರೆಯದಲ್ಲಿ ಮರೆಯಾಗಿ, ದೊಡ್ಡವರಾದ ಮೇಲೆ ಮರಳುವುದುಂಟು. ಚಿಕ್ಕಂದಿನಲ್ಲಿ ಅಸ್ತಮಾ ಹುಡುಗರಲ್ಲಿ ಹೆಚ್ಚು; ಪ್ರೌಢಾವಸ್ಥೆಯ ನಂತರ ಹೆಣ್ಣುಮಕ್ಕಳಲ್ಲಿ ಹೆಚ್ಚು. ಆದ್ದರಿಂದ ಅವಳ ಶ್ವಾಸಕೋಶ ಈಗ ಹೇಗಿದೆ ಎಂಬುದನ್ನು ಮಂಡಳಿಗಿಂತ ಮೊದಲು ನೀವು ತಿಳಿದುಕೊಳ್ಳಬೇಕು.

ಎದೆರೋಗ ತಜ್ಞರ ಬಳಿ ಹೋಗಿ ಪಿಎಫ್‌ಟಿ, ಅಂದರೆ ಸ್ಪೈರೋಮೆಟ್ರಿಯಿಂದ ಶ್ವಾಸಕೋಶದ ಕೆಲಸ ಅಳೆಯುವ ಪರೀಕ್ಷೆ, ಮಾಡಿಸಿ. ಮೊದಲು ಊದಿಸಿ, ಆಮೇಲೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟು ಹದಿನೈದು ನಿಮಿಷದ ನಂತರ ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ ಔಷಧಿಯ ನಂತರ ಶೇಕಡಾ 12ಕ್ಕಿಂತಲೂ 200 ಮಿಲಿಲೀಟರಿಗಿಂತಲೂ ಹೆಚ್ಚಿದರೆ ಶ್ವಾಸನಾಳಗಳು ಇನ್ನೂ ಬಿಗಿಯುತ್ತಿವೆ ಎಂಬುದಕ್ಕೆ ಅದು ಸೂಚನೆ. ಆದರೆ ಲಕ್ಷಣಗಳಿಲ್ಲದ ದಿನ ಪಿಎಫ್‌ಟಿ ಸರಿಯಾಗಿ ಬಂದ ಮಾತ್ರಕ್ಕೆ ಅಸ್ತಮಾ ಇಲ್ಲವೆಂದು ಹೇಳಲಾಗುವುದಿಲ್ಲ. ಅದಕ್ಕಾಗಿ ಟ್ರೆಡ್‌ಮಿಲ್ ಮೇಲೆ ಆರರಿಂದ ಎಂಟು ನಿಮಿಷ ಜೋರಾಗಿ ಓಡಿಸಿ, ನಂತರದ ಅರ್ಧ ಗಂಟೆಯಲ್ಲಿ ಹಲವು ಬಾರಿ ಊದಿಸಿ ನೋಡುವ ಪರೀಕ್ಷೆಯಿದೆ. ಮೊದಲ ಸೆಕೆಂಡಿನ ಗಾಳಿಯ ಪ್ರಮಾಣ ಶೇಕಡಾ 10 ಅಥವಾ ಹೆಚ್ಚು ಇಳಿದರೆ ವ್ಯಾಯಾಮದಿಂದ ನಾಳ ಬಿಗಿಯುತ್ತಿದೆ ಎಂದರ್ಥ. ದೊಡ್ಡ ಆಸ್ಪತ್ರೆಗಳಲ್ಲಿ ಮೆಥಕೋಲಿನ್ ಎಂಬ ಔಷಧಿಯನ್ನು ಅಲ್ಪ ಪ್ರಮಾಣದಿಂದ ಏರಿಸುತ್ತ ಉಸಿರಾಡಿಸಿ ನೋಡುವುದೂ ಉಂಟು. ಅದರಲ್ಲಿ ಏನೂ ಆಗದಿದ್ದರೆ ಸದ್ಯ ಅಸ್ತಮಾ ಇಲ್ಲವೆಂಬುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಂತೆ. ಜೊತೆಗೆ ಒಂದು ಎದೆಯ ಎಕ್ಸ್‌ರೇ ತೆಗೆಸಿ, ಹಳೆಯ ಕ್ಷಯದ ಕಲೆ ಅಥವಾ ಸುಣ್ಣಗಟ್ಟಿದ ಚುಕ್ಕೆ ಏನಾದರೂ ಇದೆಯೇ ನೋಡಿಕೊಳ್ಳಿ.

ಸೀನಿನ ಬಗ್ಗೆ ಒಂದು ಮಾತು. ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆಯ ಖಾಲಿ ನಿವೇಶನಗಳಲ್ಲಿ, ರಸ್ತೆ ಬದಿಯಲ್ಲಿ ಬಿಳಿ ಹೂ ಬಿಡುವ ಪಾರ್ಥೇನಿಯಂ ನೀವು ನೋಡಿರುತ್ತೀರಿ. ಇಲ್ಲಿನವರು ಗಾಜರ್ ಗವತ್ ಎನ್ನುತ್ತಾರೆ, ನಮ್ಮ ಧಾರವಾಡದ ಕಡೆ ಕಾಂಗ್ರೆಸ್ ಕಸ. ಭಾರತದಲ್ಲಿ ಈ ಗಿಡ 1950ರ ದಶಕದಲ್ಲಿ ಮೊದಲು ಗಮನಕ್ಕೆ ಬಂದದ್ದು ಇದೇ ಪುಣೆಯಲ್ಲಿ. ಅದರ ಪರಾಗ ಮೂಗಿನ ಅಲರ್ಜಿಗೆ ಹೆಸರಾದದ್ದು. ಅವಳಿಗೆ ಅದೇ ಕಾರಣವೋ, ಮನೆಯ ಧೂಳಿನ ನುಸಿಯೋ, ಗೋಡೆಯ ಬೂಸ್ಟೋ ಎಂಬುದನ್ನು ಚರ್ಮದ ಚುಚ್ಚು ಪರೀಕ್ಷೆಯಿಂದ ತಿಳಿಯಬಹುದು. ನಿಯಮದಲ್ಲಿ ಅಲರ್ಜಿಯ ನೆಗಡಿಯನ್ನೂ ಹೆಸರಿಸಿರುವುದರಿಂದ ಇದನ್ನು ಸಣ್ಣದೆಂದು ಬಿಡಬೇಡಿ.

ವೈದ್ಯರಿಂದ ‘ಅಸ್ತಮಾ ಎಂದೂ ಇರಲಿಲ್ಲ’ ಎಂಬ ಪ್ರಮಾಣಪತ್ರವನ್ನು ದಯವಿಟ್ಟು ಕೇಳಬೇಡಿ. ಅಂಥದ್ದನ್ನು ಬರೆದುಕೊಡಿ ಎಂದು ಪಾಲಕರು ನನ್ನ ಬಳಿಯೂ ಬರುತ್ತಾರೆ, ನಾನು ಬರೆಯುವುದಿಲ್ಲ. ‘ಅಸ್ತಮಾ’ ತೆಗೆದು ‘ಅಲರ್ಜಿಕ್ ಬ್ರಾಂಕೈಟಿಸ್’ ಎಂದು ಬದಲಿಸಿದರೂ ಪ್ರಯೋಜನವಿಲ್ಲ, ನಿಯಮದಲ್ಲಿ ಎರಡೂ ಇವೆ. ಯಾವ ವಯಸ್ಸಿನಲ್ಲಿ ಎಷ್ಟು ಬಾರಿ ಬಂತು, ಕೊನೆಯ ಔಷಧಿ ಯಾವ ತಿಂಗಳು, ಈಗಿನ ಪರೀಕ್ಷೆಗಳ ಅಂಕಿಗಳೇನು ಎಂಬುದನ್ನು ದಿನಾಂಕ ಸಹಿತ ಒಂದು ಪುಟದಲ್ಲಿ ಬರೆಸಿಕೊಂಡರೆ ಸಾಕು.

ಉತ್ತರ: ಡೊಂಬಿವಲಿಯ ಓದುಗ, ಮುಂಬೈ

ಅಕ್ಕನವರೇ, ನನ್ನ ಅನುಭವವನ್ನು ಹೇಳಬೇಕೆನಿಸಿತು. ನನಗೆ ಹದಿನೈದನೆಯ ವಯಸ್ಸಿನವರೆಗೆ ಪ್ರತಿ ಮಳೆಗಾಲದಲ್ಲೂ ಉಬ್ಬಸ ಬರುತ್ತಿತ್ತು. ನಮ್ಮ ಚಾಳಿನ ಗೋಡೆಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ಒಣಗುತ್ತಲೇ ಇರಲಿಲ್ಲ. ನಾನು ಎಸ್‌ಎಸ್‌ಬಿಯಲ್ಲಿ ಶಿಫಾರಸಾಗಿ, ಹೇಳಿಕೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ಮೊದಲ ಮಂಡಳಿಯಲ್ಲೂ ಮೇಲ್ಮನವಿಯಲ್ಲೂ ಅನರ್ಹನಾದೆ. ವೈದ್ಯರು ನನ್ನೊಂದಿಗೆ ಗೌರವದಿಂದಲೇ ನಡೆದುಕೊಂಡರು, ಪಿಎಫ್‌ಟಿಯ ನಕ್ಷೆಯನ್ನು ತೋರಿಸಿ ಎಲ್ಲಿ ಗಾಳಿ ತಡೆಯುತ್ತಿದೆ ಎಂದು ವಿವರಿಸಿದರು. ಆ ನಕ್ಷೆಯನ್ನು ನಾನು ಜೀವನದಲ್ಲಿ ಮೊದಲ ಬಾರಿಗೆ ನೋಡಿದ್ದು ಅಲ್ಲಿ. ಓಡುವಾಗ ಕೊನೆಯ ಸುತ್ತಿನಲ್ಲಿ ಎದೆ ಬಿಗಿಯುತ್ತಿದ್ದುದನ್ನು ಎರಡು ವರ್ಷ ಅಭ್ಯಾಸ ಸಾಲದೆಂದು ತಿಳಿದು ಯಾರಿಗೂ ಹೇಳದೆ ನುಂಗಿಕೊಂಡಿದ್ದೆ. ಮೊದಲೇ ಪರೀಕ್ಷಿಸಿಕೊಂಡಿದ್ದರೆ ಚಿಕಿತ್ಸೆಯಾದರೂ ಆ ಎರಡು ವರ್ಷ ಸಿಗುತ್ತಿತ್ತು. ಮಗಳನ್ನು ಕೂರಿಸಿಕೊಂಡು, ಓಡುವಾಗಲೋ ಓಡಿದ ಮೇಲೋ ಕೆಮ್ಮು, ಎದೆ ಬಿಗಿತ ಬರುತ್ತದೆಯೇ ಎಂದು ಮೆಲ್ಲಗೆ ಕೇಳಿ. ಕನಸು ಕೈತಪ್ಪೀತೆಂಬ ಭಯದಲ್ಲಿ ಮಕ್ಕಳು ಇದನ್ನು ತಾಯಿಯಿಂದಲೂ ಮುಚ್ಚಿಡುತ್ತಾರೆ.

ಮರುನುಡಿ: ವಾರ್ಜೆಯ ತಾಯಿ, ಪುಣೆ

ಮೂವರಿಗೂ ನಾನು ಋಣಿ. ನಿನ್ನೆ ರಾತ್ರಿ ಊಟವಾದ ಮೇಲೆ ಎಲ್ಲ ಉತ್ತರಗಳನ್ನೂ ಮನೆಯವರ ಮುಂದೆ ಗಟ್ಟಿಯಾಗಿ ಓದಿದೆ. ಲಡಾಖಿನ ಸ್ಟ್ರೆಚರ್ ಮಾತು ಬಂದಾಗ ನಮ್ಮ ಯಜಮಾನರು ಮತ್ತೊಮ್ಮೆ ಓದು ಎಂದರು. ಆಮೇಲೆ ಅವರೇ ಎದ್ದು ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ಕಡತವನ್ನು ಇಳಿಸಿದರು. ಡಿಸ್ಚಾರ್ಜ್ ಕಾರ್ಡುಗಳು ಎರಡೂ ಸಿಕ್ಕಿವೆ. ಕ್ಷಯದ ಔಷಧಿ ಮುಗಿದ ದಿನಾಂಕವೂ ಸಿಕ್ಕಿದೆ. ಮಗಳನ್ನು ಕೇಳಿದೆ. ಓಡುವಾಗ ಏನೂ ಆಗುವುದಿಲ್ಲ, ಆದರೆ ಚಳಿಗಾಲದ ಬೆಳಗ್ಗೆ ಸಿಂಹಗಡದ ತುದಿ ಮುಟ್ಟಿದ ಮೇಲೆ ಐದು ನಿಮಿಷ ಒಣಕೆಮ್ಮು ಬರುತ್ತದೆ ಎಂದಳು. ಇದನ್ನು ಇಲ್ಲಿಯವರೆಗೆ ನನಗೆ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಏನು ಬಂದರೂ ತಾನೇ ಓದಿ ತಿಳಿದುಕೊಳ್ಳುತ್ತೇನೆ ಎಂದಿದ್ದಾಳೆ. ಮುಂದಿನ ಬುಧವಾರಕ್ಕೆ ಎದೆರೋಗ ತಜ್ಞರ ಸಮಯ ಸಿಕ್ಕಿದೆ. ವೈದ್ಯೆಯವರಲ್ಲಿ ಇನ್ನೊಂದು ಪ್ರಶ್ನೆ: ಸೀನಿಗೆಂದು ಅವಳು ರಾತ್ರಿ ಅಲರ್ಜಿಯ ಮಾತ್ರೆ ತೆಗೆದುಕೊಳ್ಳುತ್ತಾಳೆ, ಅದನ್ನು ನಿಲ್ಲಿಸಿ ಹೋಗಬೇಕೇ?

ಉತ್ತರ: ಚಿಂಚವಡದ ಮಕ್ಕಳ ವೈದ್ಯೆ

ಚರ್ಮದ ಚುಚ್ಚು ಪರೀಕ್ಷೆ ಮಾಡುವುದಿದ್ದರೆ ಅಲರ್ಜಿಯ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಅಲರ್ಜಿಯಿದ್ದರೂ ಗುಳ್ಳೆ ಏಳುವುದಿಲ್ಲ. ಎಷ್ಟು ದಿನ ಎಂಬುದು ಮಾತ್ರೆಯ ಮೇಲೆ ನಿಂತಿದೆ. ಆದ್ದರಿಂದ ಬುಧವಾರದವರೆಗೆ ಕಾಯದೆ ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ ಮಾತ್ರೆಯ ಹೆಸರು ಹೇಳಿ ಕೇಳಿಕೊಳ್ಳಿ. ಪಂಪ್ ಏನಾದರೂ ಬಳಸಿದ್ದರೆ ಅದನ್ನೂ ಹೇಳಬೇಕು, ಪಿಎಫ್‌ಟಿಗೆ ಇಂತಿಷ್ಟು ಗಂಟೆ ಮೊದಲಿನಿಂದ ಅದನ್ನು ಬಳಸದೆ ಇರಬೇಕಾಗುತ್ತದೆ. ಆದರೆ ಉಸಿರು ಕಟ್ಟಿದರೆ ಪರೀಕ್ಷೆಯ ನೆಪದಲ್ಲಿ ಔಷಧಿ ತಡೆಯಬಾರದು, ದಿನವನ್ನೇ ಮುಂದೂಡಿ. ಸಿಂಹಗಡದ ಮೇಲಿನ ಆ ಐದು ನಿಮಿಷದ ಕೆಮ್ಮನ್ನು ವೈದ್ಯರಿಗೆ ಮೊದಲು ಹೇಳಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಬೇಡವೇ ಎಂದು ಅವರು ತೀರ್ಮಾನಿಸುವುದು ಬಹುಮಟ್ಟಿಗೆ ಅದರಿಂದಲೇ. ಆ ದಿನ ಅವಳು ಓಟದ ಬೂಟುಗಳನ್ನು ಹಾಕಿಕೊಂಡೇ ಬರಲಿ.